ಕೇರ್ ಹೋಮಲ್ಲೂ ಲವ್ ಆಗತ್ತೆ

ಅಮೆರಿಕಾದಲ್ಲಿ ಡಿಮೆನ್ಷಿಯಾ, ಅಂದ್ರೆ ನೆನಪು, ಬುದ್ಧಿ ಕುಗ್ಗೋ ಕಾಯಿಲೆ ಇರೋರ ಕೇರ್ ಹೋಮಲ್ಲಿ ಕೆಲಸ ಅಂದ್ರೆ ಊರಿನೋರೆಲ್ಲ ಕೇಳೋದು, ಊಟ ನೀವೇ ಮಾಡಿಸ್ಬೇಕಾ, ಸ್ನಾನ ಮಾಡಿಸ್ಬೇಕಾ ಅಂತ. ಅಲ್ಲಿ ಲವ್ ಆಗತ್ತಾ ಅಂತ ಯಾರೂ ಕೇಳಲ್ಲ. ಆಗತ್ತೆ ಸ್ವಾಮಿ, ಜೋರಾಗೇ ಆಗತ್ತೆ. ಎಂಬತ್ತು ದಾಟಿದ ಅಜ್ಜ, ಪಕ್ಕದ ರೂಮಿನ ಅಜ್ಜಿ ಬರೋವರೆಗೂ ತಿಂಡಿ ಮುಟ್ಟಲ್ಲ, ಅವರ ಹೆಸರೇನು ಅಂದ್ರೆ ಗೊತ್ತಿಲ್ಲ, ಆದ್ರೆ ಬಾಗಿಲಲ್ಲಿ ಕಂಡ ತಕ್ಷಣ ಮುಖ ಅರಳತ್ತೆ.

ಪಜೀತಿ ಶುರುವಾಗೋದು ಹೆಂಡತಿ ಮಕ್ಕಳು ನೋಡೋಕೆ ಬಂದಾಗ. ಸಾಂಡ್ರಾ ಡೇ ಓಕಾನರ್ ಅಂತ ಇದ್ರು, 1981ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿಗೆ ಬಂದ ಮೊದಲ ಮಹಿಳಾ ಜಡ್ಜ್, ಆಲ್ಝೈಮರ್ಸ್ (ಡಿಮೆನ್ಷಿಯಾ ತರೋ ಒಂದು ಕಾಯಿಲೆ) ಇದ್ದ ಗಂಡನಿಗೋಸ್ಕರ 2006ರಲ್ಲಿ ಆ ಕೆಲಸಾನೇ ಬಿಟ್ರು. ಆಮೇಲೆ ಕೇರ್ ಹೋಮ್ ಸೇರಿದ ಗಂಡ ಅಲ್ಲಿದ್ದ ಇನ್ನೊಬ್ಬ ಹೆಂಗಸಿಗೆ ಮನಸ್ಸು ಕೊಟ್ರು! ಅಪ್ಪ ನೆಮ್ಮದಿಯಾಗಿದಾರೆ ಅಂತ ಅಮ್ಮಂಗೆ ಖುಷಿನೇ ಆಗಿದೆ ಅಂತ 2007ರಲ್ಲಿ ಮಗನೇ ಟೀವಿಯೋರಿಗೆ ಹೇಳಿದ್ರು. ಆದ್ರೆ ಎಲ್ಲಾ ಹೆಂಡತೀರೂ ಹಂಗೇ ಇರ್ಬೇಕು ಅನ್ನೋದು ನನಗೆ ಅನ್ಯಾಯ ಅನ್ಸತ್ತೆ. ಐವತ್ತು ವರ್ಷ ಸಂಸಾರ ಮಾಡಿದೋರಿಗೆ, ಇದೆಲ್ಲ ಕಾಯಿಲೆ ಮಾಡಿಸ್ತಿರೋದು ಅಂದ್ರೆ ಹೊಟ್ಟೆ ಉರಿ ಕಮ್ಮಿ ಆಗತ್ತಾ?

ಮಕ್ಕಳಂತೂ ಮೊದಲು ಹೇಳೋದೇ ಇಬ್ಬರನ್ನೂ ಬೇರೆ ಮಾಡಿ ಅಂತ. ಮಾಡಿದ್ರೆ ಯಾರು ಕಾಣ್ತಿಲ್ಲ ಅನ್ನೋದು ಅಜ್ಜಂಗೆ ನೆನಪಿರಲ್ಲ, ಸಂಕಟ ಮಾತ್ರ ಉಳಿಯತ್ತೆ, ಊಟ ಬಿಡ್ತಾರೆ, ಕಾರಿಡಾರಲ್ಲಿ ಸುಮ್ನೆ ಓಡಾಡ್ತಾ ಇರ್ತಾರೆ. ಮಕ್ಕಳ ಮುಜುಗರಕ್ಕೆ ಅವರ್ಯಾಕೆ ಅನುಭವಿಸ್ಬೇಕು?

ಹಂಗಂತ ಕಣ್ಮುಚ್ಕೊಂಡು ಬಿಡೋಕೂ ಆಗಲ್ಲ. ಅಜ್ಜಿ ತಾನಾಗೇ ಹುಡ್ಕೊಂಡು ಹೋಗ್ತಾರಾ, ಬೇಡ ಅನ್ನಿಸಿದ್ರೆ ಕೈ ಬಿಡಿಸ್ಕೋತಾರಾ, ಅಥವಾ ಈ ಅಜ್ಜನ್ನ ತೀರಿಹೋದ ತನ್ನ ಗಂಡ ಅಂದ್ಕೊಂಡಿದಾರಾ, ಇದನ್ನೆಲ್ಲ ನೋಡ್ತಾನೇ ಇರ್ಬೇಕು. ಬೆಳಿಗ್ಗೆ ನಗ್ತಾ ಕೂತಿದ್ದೋರು ಸಂಜೆ ಆದ್ರೆ ಗಾಬರಿ ಬೀಳ್ತಾರೆ, ಈ ಕಾಯಿಲೇಲಿ ಅದು ಮಾಮೂಲು, ಹಂಗಾಗಿ ಬೆಳಗಿನ ಒಪ್ಪಿಗೆ ಸಂಜೆಗೆ ಆಗಲ್ಲ. ನ್ಯೂಯಾರ್ಕಿನ ಹೀಬ್ರೂ ಹೋಮ್ ಅನ್ನೋ ವಯಸ್ಸಾದೋರ ಕೇರ್ ಹೋಮಲ್ಲಿ ಇದಕ್ಕೆಲ್ಲ 1995ರಲ್ಲೇ ಲಿಖಿತ ಪಾಲಿಸಿ ಮಾಡಿದ್ರು.

ಗಂಡ ಹೆಂಡತಿ ಆದ್ರೂ ಈ ಪ್ರಶ್ನೆ ತಪ್ಪಲ್ಲ. ಅಯೋವಾದಲ್ಲಿ ಹೆನ್ರಿ ರೇಹನ್ಸ್ ಅನ್ನೋ ಶಾಸಕರ ಮೇಲೆ, ಆಲ್ಝೈಮರ್ಸ್ ಆಗಿ ನರ್ಸಿಂಗ್ ಹೋಮಲ್ಲಿದ್ದ ಸ್ವಂತ ಹೆಂಡತಿ ಜೊತೆ, ಅವರು ಒಪ್ಪಿಗೆ ಕೊಡೋ ಸ್ಥಿತೀಲಿ ಇಲ್ದಾಗ ಸೇರಿದ್ರು ಅಂತ ಕೇಸೇ ಹಾಕಿದ್ರು, 2015ರಲ್ಲಿ ಜ್ಯೂರಿ ನಿರ್ದೋಷಿ ಅಂತು.

ನಾವೂ ಅನುಮಾನ ಬಂದ್ರೆ ಬರೆದಿಡ್ತೀವಿ, ನರ್ಸ್‌ನ, ಮನೆಯೋರನ್ನ ಕರೀತೀವಿ. ಬರೀ ಕೈ ಹಿಡ್ಕೊಂಡು ಕೂತಿದ್ರೆ ಟೀವಿ ಹಾಕ್ಕೊಟ್ಟು ಮುಂದಿನ ರೂಮಿಗೆ ಹೋಗ್ತೀವಿ.