ಉದ್ಯಮ ಕಲಿಸುವ ಕೋರ್ಸು: ಅಳೆಯಬೇಕಾದದ್ದು ಏನನ್ನು?

ಉದ್ಯಮಶೀಲತೆ ಕಲಿಸುವ ಕೋರ್ಸುಗಳಿಂದ ಏನು ಪ್ರಯೋಜನ ಆಗುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಕೋರ್ಸು ನಡೆಸುವವರು ಎಲ್ಲರಿಗಿಂತ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ವಿಧಾನ ಒಳ್ಳೆಯದು? ಕ್ಲಾಸಿನಲ್ಲಿ ಪಾಠ ಮಾಡಬೇಕಾ, ಬಿಸಿನೆಸ್ ಪ್ಲಾನ್ ಬರೆಸಬೇಕಾ, ಇಲ್ಲ ವಿದ್ಯಾರ್ಥಿಗಳ ಕೈಯಲ್ಲೇ ಒಂದು ಪುಟ್ಟ ಕಂಪನಿ ನಡೆಸಬೇಕಾ? ಉತ್ತರವೂ ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತದೆ. ಮಾಡಿ ಕಲಿಯುವುದೇ ಸರಿ ಅಲ್ವಾ ಅಂತ.

ನಾನು ತಕ್ಷಣ ಹೂಂ ಅನ್ನುವುದಿಲ್ಲ. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ ಇದಕ್ಕೆ ಕಾರಣ. ಅಲ್ಲಿನ ಒಂದು ಕಾಲೇಜಿಗೆ ಬೇರೆ ಬೇರೆ ಊರುಗಳಲ್ಲಿ ಕ್ಯಾಂಪಸ್ ಇತ್ತು. ಒಂದು ಕಡೆ ಮಾತ್ರ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಸಣ್ಣ ಕಂಪನಿ ನಡೆಸುವ ಕೋರ್ಸು, ಇನ್ನೊಂದು ಕಡೆ ಇಲ್ಲ. ಕೊನೆಯಲ್ಲಿ ಎರಡನ್ನೂ ಹೋಲಿಸಿದರು. ಕೌಶಲಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋರ್ಸು ಮಾಡಿದವರಲ್ಲಿ ಸ್ವಂತ ಉದ್ಯಮ ಮಾಡುವ ಆಸೆ ಮಾತ್ರ ಕಡಿಮೆಯಾಗಿತ್ತು!

ಹಾಗಾದರೆ ಕೋರ್ಸು ದಂಡವಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಅದೇ ವರ್ಷ ಪ್ರಕಟವಾದ ಜರ್ಮನಿಯ ಇನ್ನೊಂದು ಅಧ್ಯಯನ, ಎಲ್ಲರೂ ಓದಲೇಬೇಕಾದ ಒಂದು ಕೋರ್ಸನ್ನು ನೋಡಿತು. ಅಲ್ಲೂ ಆಸೆ ಸ್ವಲ್ಪ ಇಳಿದಿತ್ತು. ಆದರೆ ಉದ್ಯಮ ತನಗೆ ಹೊಂದುತ್ತದಾ ಇಲ್ಲವಾ ಅನ್ನುವ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಸ್ಪಷ್ಟತೆ ಬಂದಿತ್ತು. ಉಳಿಸಿದ ದುಡ್ಡನ್ನೆಲ್ಲ ಸುರಿದ ಮೇಲೆ ಇದು ನನ್ನ ಕೆಲಸವಲ್ಲ ಅಂತ ತಿಳಿಯುವುದಕ್ಕಿಂತ ಕ್ಲಾಸಿನಲ್ಲೇ ತಿಳಿದರೆ ಒಳ್ಳೆಯದಲ್ವಾ? ಆದರೂ ಹಣ ಕೊಟ್ಟವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಅವರ ವರದಿಯಲ್ಲಿ ಗೆರೆ ಮೇಲಕ್ಕೇ ಹೋಗಬೇಕು.

ಇನ್ನೊಂದು ತೊಡಕು, ಕೋರ್ಸಿಗೆ ಸೇರುವವರು ಯಾರು ಅನ್ನುವುದು. ತಾವಾಗಿ ಬಂದು ಸೇರಿದವರಲ್ಲಿ ಆಸೆ ಮೊದಲೇ ಇರುತ್ತದೆ. ಅವರನ್ನು ಕೊನೆಯಲ್ಲಷ್ಟೇ ಕೇಳಿ, ನಮ್ಮ ಕೋರ್ಸಿನಿಂದ ಆಸೆ ಹುಟ್ಟಿತು ಅನ್ನುವುದು, ಈಜು ಬರುವವರನ್ನೇ ನೀರಿಗಿಳಿಸಿ ನಾನೇ ಕಲಿಸಿದೆ ಅಂದ ಹಾಗೆ. 2014ರಲ್ಲಿ 73 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೋರ್ಸಿಗೂ ಆಸೆಗೂ ಸಣ್ಣದೊಂದು ನಂಟು ಸಿಕ್ಕಿತು. ಮೊದಲೇ ಇದ್ದ ಆಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಅದಕ್ಕೇ ಕೋರ್ಸು ಶುರುವಾಗುವ ಮೊದಲೇ ಒಂದು ಸುತ್ತು ಪ್ರಶ್ನೆ ಕೇಳದಿದ್ದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಅರ್ಜಿ ಹಾಕಿದವರು ಜಾಸ್ತಿ, ಸೀಟು ಕಡಿಮೆ ಇದ್ದರೆ ಇನ್ನೂ ಅನುಕೂಲ. ಚೀಟಿ ಎತ್ತಿ ಆರಿಸಿ ಅನ್ನುತ್ತೇನೆ. ಸೀಟು ಸಿಗದವರೇ ಹೋಲಿಸಿ ನೋಡುವ ಗುಂಪಾಗುತ್ತಾರೆ.

ಆಗಲೇ ವ್ಯಾಪಾರದಲ್ಲಿ ಇರುವವರಿಗೆ ಕಲಿಸುವುದಾದರೆ ಲೆಕ್ಕಾಚಾರ ಬೇರೆ. ಅಲ್ಲಿ ಆಸೆ ಕೇಳಬೇಕಾಗಿಲ್ಲ, ಲಾಭ ನೋಡಬಹುದು. ನಾನು ಎಲ್ಲರಿಗೂ ಹೇಳುವ ಉದಾಹರಣೆ ಆಫ್ರಿಕಾದ ಟೋಗೋ ದೇಶದ್ದು, 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು. ಸುಮಾರು 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಲೆಕ್ಕಪತ್ರ, ಮಾರ್ಕೆಟಿಂಗ್ ಮುಂತಾದ ಮಾಮೂಲಿ ತರಬೇತಿ. ಇನ್ನೊಂದಕ್ಕೆ ತಾವಾಗಿ ಮುಂದೆ ಬೀಳುವುದು, ಹೊಸ ಅವಕಾಶ ಹುಡುಕುವುದು, ಅಡ್ಡಿ ಬಂದರೂ ಬಿಡದಿರುವುದು, ಇಂಥ ಮನೋಭಾವದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ಎರಡನೇ ಗುಂಪಿನ ಲಾಭ ಶೇ. 30ರಷ್ಟು ಏರಿತು. ಮಾಮೂಲಿ ತರಬೇತಿಯಲ್ಲಿ ಕಂಡದ್ದು ಶೇ. 11. ಅದೂ ಆಕಸ್ಮಿಕ ಇರಬಹುದು ಎಂಬ ಅನುಮಾನವನ್ನು ತಳ್ಳಿಹಾಕಲಾಗದಷ್ಟು ಸಡಿಲ.

ಹಾಗಂತ ಲೆಕ್ಕಪತ್ರ ಕಲಿಸುವುದೇ ಬೇಡ ಅಂತಲ್ಲ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಣ್ಣ ಸಾಲ ಪಡೆದ ವ್ಯಾಪಾರಿಗಳಿಗೆ ಎರಡು ಥರ ಕಲಿಸಿ ನೋಡಿದರು. ಪೂರ್ತಿ ಅಕೌಂಟಿಂಗ್ ಪಾಠ ಕೇಳಿದವರಲ್ಲಿ ಅಂಥ ಬದಲಾವಣೆ ಆಗಲಿಲ್ಲ. ಮನೆಯ ದುಡ್ಡು, ಅಂಗಡಿಯ ದುಡ್ಡು ಬೇರೆ ಬೇರೆ ಇಡಿ ಅನ್ನುವಂಥ ಸರಳ ನಿಯಮಗಳನ್ನು ಕಲಿತವರು ಲೆಕ್ಕವನ್ನು ಚೆನ್ನಾಗಿ ಇಟ್ಟರು. ವಿಷಯ ಒಂದೇ, ಕಲಿಸಿದ ರೀತಿ ಬೇರೆ. ಪಠ್ಯಕ್ರಮ ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡವರಿಗೆ ಇದನ್ನು ತೋರಿಸುವಾಗ ನನಗೆ ಸ್ವಲ್ಪ ಖುಷಿಯೇ.

ಹೊಸದಾಗಿ ಶುರು ಮಾಡುವವರ ಬಗ್ಗೆ ಇಟಲಿಯಲ್ಲಿ 116 ಸ್ಟಾರ್ಟಪ್‌ಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಇಷ್ಟ. ಎರಡೂ ಗುಂಪಿಗೆ ತರಬೇತಿ ಕೊಟ್ಟರು. ಒಂದು ಗುಂಪಿಗೆ ಮಾತ್ರ ನಿಮ್ಮ ಐಡಿಯಾ ಒಂದು ಊಹೆ ಅಷ್ಟೇ, ಅದನ್ನು ಪರೀಕ್ಷೆ ಮಾಡಿ ನೋಡಿ ಅಂತ ಹೇಳಿಕೊಟ್ಟರು. ಆ ಗುಂಪಿನವರು ತಮ್ಮ ಐಡಿಯಾ ಬದಲಿಸಿದ್ದು ಜಾಸ್ತಿ. ವ್ಯವಹಾರವೂ ಚೆನ್ನಾಗಿ ನಡೆಯಿತು.

ಇದನ್ನೆಲ್ಲ ನೋಡಿದ ಮೇಲೆ ನನ್ನ ಪ್ರಶ್ನಾವಳಿ ಬದಲಾಗಿದೆ. ಕೋರ್ಸು ಇಷ್ಟವಾಯಿತಾ ಅನ್ನುವ ಪ್ರಶ್ನೆ ಈಗ ಕೊನೆಗೆ ಹೋಗಿದೆ, ಅದೂ ಕೋರ್ಸು ನಡೆಸುವವರ ಸಮಾಧಾನಕ್ಕೆ. ಮೇಲಿರುವುದು ಬೇರೆ: ಕಳೆದ ತಿಂಗಳು ಎಷ್ಟು ಗ್ರಾಹಕರ ಜತೆ ಮಾತಾಡಿದಿರಿ? ಯಾವ ನಿರ್ಧಾರ ಬದಲಿಸಿದಿರಿ, ಏನು ನೋಡಿ ಬದಲಿಸಿದಿರಿ? ಏನನ್ನು ಕೈಬಿಟ್ಟಿರಿ? ವರ್ಷ ಕಳೆದ ಮೇಲೆ ಇವನ್ನೇ ಮತ್ತೆ ಕೇಳುತ್ತೇನೆ. ಆಗ ಫೋನ್ ಎತ್ತದವರೇ ದೊಡ್ಡ ತಲೆನೋವು. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವವರು ಖುಷಿಯಿಂದ ಮಾತಾಡುತ್ತಾರೆ, ಮುಚ್ಚಿಕೊಂಡವರು ಸಿಗುವುದಿಲ್ಲ. ಹಾಗಾಗಿ ಸಮೀಕ್ಷೆಯ ಹಣದಲ್ಲಿ ಒಂದು ಪಾಲನ್ನು ಅವರನ್ನು ಹುಡುಕುವುದಕ್ಕೆಂದೇ ಮೊದಲು ಎತ್ತಿಡುತ್ತೇನೆ.