ತುಕ್ಕು ಹಿಡಿದು ಹಬ್‌ಗೆ ಅಂಟಿಕೊಂಡ ಬ್ರೇಕ್ ಡಿಸ್ಕ್ ಬಿಡಿಸುವ ಬಗೆ

ಚಕ್ರವನ್ನೂ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನೂ ಕಳಚಿದ ಮೇಲೆ ಬ್ರೇಕ್ ಡಿಸ್ಕ್ ಕೈಯಿಂದ ಎಳೆದರೆ ಬರಬೇಕು. ಹಳೆಯ ಕಾರುಗಳಲ್ಲಿ ಅದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆಗ ಬಹುತೇಕರ ಕೈ ನೇರವಾಗಿ ದೊಡ್ಡ ಸುತ್ತಿಗೆಯ ಕಡೆಗೆ ಹೋಗುತ್ತದೆ. ಸುತ್ತಿಗೆಗೂ ಈ ಕೆಲಸದಲ್ಲಿ ಪಾಲಿದೆ, ಆದರೆ ಅದರ ಸರದಿ ಕೊನೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಿಸ್ಕನ್ನು ಹಿಡಿದಿರುವುದು ಏನು, ಎಲ್ಲಿ ಹಿಡಿದಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆಯೇ.

ಡಿಸ್ಕ್ ಬೀಡುಕಬ್ಬಿಣದ್ದು, ಡಿಸ್ಕನ್ನೂ ಚಕ್ರವನ್ನೂ ಹೊತ್ತು ತಿರುಗುವ ಹಬ್ ಉಕ್ಕಿನದು. ಡಿಸ್ಕಿನ ನಡುವಿನ ರಂಧ್ರವು ಹಬ್‌ನ ಮಧ್ಯದಲ್ಲಿ ಉಬ್ಬಿರುವ ಬಳೆಯಂಥ ಭಾಗದ ಮೇಲೆ ಬಹಳ ಬಿಗಿಯಾಗಿ, ಹೆಚ್ಚು ಸಡಿಲವಿಲ್ಲದೆ ಕೂರುತ್ತದೆ. ಆ ಸಣ್ಣ ಸಂದಿಗೆ ನೀರು ಸೇರಿ ಕಬ್ಬಿಣ ತುಕ್ಕಾದಾಗ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಉಬ್ಬಲು ಬೇರೆ ದಾರಿಯಿಲ್ಲದ ಕಾರಣ ಅದು ಎರಡೂ ಲೋಹಗಳನ್ನು ಒಳಗಿನಿಂದ ಒತ್ತಿ ಬಿಗಿದುಬಿಡುತ್ತದೆ. ಚಪ್ಪಟೆ ಮುಖದ ತುಕ್ಕು ಸಾಮಾನ್ಯವಾಗಿ ಬೇಗ ಸೋಲುತ್ತದೆ, ಹಟ ಹಿಡಿಯುವುದು ಈ ನಡುಬಳೆಯೇ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಭಾರವನ್ನು ಜಾಕ್ ಸ್ಟ್ಯಾಂಡ್ ಮೇಲೆ ಇಳಿಸಬೇಕು. ಜೋರಾಗಿ ತಳ್ಳುವ, ಬಡಿಯುವ ಕೆಲಸವಾದ್ದರಿಂದ ಬರಿಯ ಜಾಕನ್ನು ನಂಬಬಾರದು. ಕ್ಯಾಲಿಪರನ್ನು ಅದರ ಬ್ರೇಕ್ ಪೈಪಿನಿಂದ ಜೋತುಬಿಡದೆ ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿಡಬೇಕು. ಕ್ಯಾಲಿಪರ್ ಕೂರುವ ಬ್ರಾಕೆಟನ್ನೂ ಬಿಚ್ಚಿರಬೇಕು, ಏಕೆಂದರೆ ಅದು ಡಿಸ್ಕಿನ ಅಂಚನ್ನು ಸುತ್ತುವರಿದಿರುತ್ತದೆ.

ಅನೇಕ ಕಾರುಗಳಲ್ಲಿ ಡಿಸ್ಕಿನ ಮುಖದ ಮೇಲೆ ಒಂದೆರಡು ಸಣ್ಣ ಸ್ಕ್ರೂಗಳಿರುತ್ತವೆ. ಇವು ತುಕ್ಕಿನ ಬಣ್ಣದಲ್ಲೇ ಬೆರೆತು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ತಂತಿ ಬ್ರಷ್ಷಿನಿಂದ ಮುಖವನ್ನು ಉಜ್ಜಿಯೇ ನೋಡಬೇಕು. ಸಾಮಾನ್ಯ ಸ್ಕ್ರೂಡ್ರೈವರಿನಿಂದ ತಿರುಗಿಸಲು ಹೋದರೆ ತಲೆಯ ತೋಡು ಸವೆದುಹೋಗುವುದೇ ಹೆಚ್ಚು. ಸುತ್ತಿಗೆಯ ಏಟಿನೊಡನೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದಕ್ಕೆ ಹೇಳಿಮಾಡಿಸಿದ ಉಪಕರಣ: ಏಟು ತುದಿಯನ್ನು ತೋಡಿನೊಳಗೆ ಒತ್ತಿ ಹಿಡಿಯುವ ಹೊತ್ತಿಗೇ ಸ್ಕ್ರೂ ತಿರುಗುತ್ತದೆ. ಅದಕ್ಕೂ ಬಗ್ಗದಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆದುಬಿಡಬಹುದು. ಚಾಲನೆಯಲ್ಲಿ ಡಿಸ್ಕನ್ನು ಬಿಗಿಹಿಡಿಯುವುದು ಚಕ್ರದ ನಟ್ಟುಗಳೇ ಹೊರತು ಈ ಸ್ಕ್ರೂಗಳಲ್ಲ. ಜೋಡಣೆಯ ವೇಳೆ ಡಿಸ್ಕ್ ಜಾರದಂತೆ ನೋಡಿಕೊಳ್ಳುವುದಷ್ಟೇ ಅವುಗಳ ಕೆಲಸ.

ಇನ್ನು ಎಣ್ಣೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ನಡುಬಳೆಯ ಸುತ್ತಲಿನ ಸಂದಿಗೂ ಚಕ್ರದ ನಟ್ಟು ಕೂರುವ ಪ್ರತಿಯೊಂದು ಸ್ಟಡ್ಡಿನ ಬುಡಕ್ಕೂ ಹಾಕಬೇಕು. ಅದಕ್ಕೆ ಮೊದಲು ಸಂದಿಯ ಬಾಯಲ್ಲಿ ಕಟ್ಟಿರುವ ಹಕ್ಕಳೆಯನ್ನು ಕೆರೆದು ತೆಗೆಯದಿದ್ದರೆ ಎಣ್ಣೆ ಒಳಗೆ ಇಳಿಯದೆ ಮೇಲೆಯೇ ಹರಿದುಹೋಗುತ್ತದೆ. ಸಾಧ್ಯವಿದ್ದರೆ ರಾತ್ರಿಯಿಡೀ ಹಾಗೆಯೇ ಬಿಡುವುದು ಒಳ್ಳೆಯದು. ಅವಸರ ಪಡುವವರು ಕಳೆದುಕೊಳ್ಳುವುದು ಇಲ್ಲಿಯೇ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವ ಉಪಾಯ. ಹಲವು ಡಿಸ್ಕುಗಳ ಮುಖದಲ್ಲಿ, ಸ್ಟಡ್ಡುಗಳ ನಡುವೆ, ಥ್ರೆಡ್ ಇರುವ ಎರಡು ರಂಧ್ರಗಳಿರುತ್ತವೆ. ಅನೇಕ ಜಪಾನಿ ಕಾರುಗಳಲ್ಲಿ ಅವು 8 ಮಿಲಿಮೀಟರ್ ಬೋಲ್ಟಿನ, 1.25 ಮಿಲಿಮೀಟರ್ ಪಿಚ್ಚಿನ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ರಂಧ್ರಗಳು. ಅವುಗಳಿಗೆ ಬೋಲ್ಟ್ ಹಾಕಿ ಬಿಗಿಸಿದರೆ ತುದಿ ಹಬ್‌ಗೆ ತಗುಲಿ, ಡಿಸ್ಕನ್ನು ಹೊರಕ್ಕೆ ನೂಕುತ್ತದೆ. ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಎಂದು ಸರದಿಯಂತೆ ಹೋಗಬೇಕು. ಒಂದನ್ನೇ ಬಿಗಿಸಿದರೆ ಡಿಸ್ಕ್ ಓರೆಯಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಎರಡೂ ಬೋಲ್ಟುಗಳು ಗಟ್ಟಿಯಾಗಿ ಒತ್ತಿ ನಿಂತ ಮೇಲೆ, ಸ್ಟಡ್ಡುಗಳ ನಡುವಿನ ಭಾಗಕ್ಕೆ ಸುತ್ತಲೂ ಹದವಾದ ಏಟು ಕೊಟ್ಟು ಮತ್ತೆ ಅರ್ಧ ಸುತ್ತು. ಒಂದು ಹಂತದಲ್ಲಿ ಬಳೆಯ ಅಂಚಿನಲ್ಲಿ ಕೂದಲಿನಷ್ಟು ಬಿರುಕು ಓಡಿ, ಕೆಂಪು ಪುಡಿ ಉದುರಿ, ಅಲ್ಲಿಯವರೆಗೆ ಮಂದವಾಗಿದ್ದ ಏಟಿನ ಸದ್ದು ಥಟ್ಟನೆ ಗಂಟೆಯ ನಾದದಂತೆ ಬದಲಾಗುತ್ತದೆ. ಆ ಸದ್ದು ಕೇಳಿತೆಂದರೆ ಡಿಸ್ಕ್ ಬಿಟ್ಟಿತೆಂದೇ ಅರ್ಥ.

ಅಂಥ ರಂಧ್ರಗಳಿಲ್ಲದಿದ್ದರೆ ಬ್ರಾಕೆಟ್ ಕೂರುವ ಕಿವಿಗಳನ್ನೇ ಬಳಸಿಕೊಳ್ಳಬಹುದು. ಒಳಬದಿಯಿಂದ ಉದ್ದನೆಯ ಬೋಲ್ಟನ್ನು ಕಿವಿಯೊಳಗೆ ತೂರಿಸಿ, ಕಿವಿಗೂ ಡಿಸ್ಕಿಗೂ ನಡುವೆ ನಟ್ಟು ಹಾಕಿ, ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದು ಬೋಲ್ಟನ್ನು ತಿರುಗಿಸಿದರೆ ಅದರ ತುದಿ ಡಿಸ್ಕಿನ ಬೆನ್ನನ್ನು ಒತ್ತುತ್ತದೆ. ಸ್ವಲ್ಪ ಒತ್ತಿ, ಬೋಲ್ಟ್ ಸಡಿಲಿಸಿ, ಡಿಸ್ಕನ್ನು ಒಂದಿಷ್ಟು ತಿರುಗಿಸಿ ಮತ್ತೆ ಒತ್ತಬೇಕು. ಬೋಲ್ಟಿನ ತುದಿ ಪ್ಯಾಡ್ ಉಜ್ಜುವ ಮೇಲ್ಮೈಗೆ ಗಾಯ ಮಾಡುವುದರಿಂದ ಇದು ಎಸೆಯುವ ಡಿಸ್ಕಿಗೆ ಮಾತ್ರ ತಕ್ಕ ಉಪಾಯ.

ಭಾರಿ ಸುತ್ತಿಗೆಯಿಂದ ಬಡಿಯುವಾಗ ಪ್ರತಿ ಏಟೂ ಚಕ್ರದ ಬೇರಿಂಗಿನ ಗುಂಡುಗಳಿಗೆ ತಲುಪಿ, ಅವು ಓಡುವ ದಾರಿಯಲ್ಲಿ ಕುಳಿ ಬೀಳಿಸಬಲ್ಲದು ಎಂಬುದನ್ನು ಮರೆಯಬಾರದು. ಬಡಿಯಲೇಬೇಕಾದರೆ ಸ್ಟಡ್ಡುಗಳಿಗೆ ನಟ್ಟುಗಳನ್ನು ಕೆಲವೇ ಸುತ್ತು ಹಾಕಿಟ್ಟುಕೊಳ್ಳಿ: ಥ್ರೆಡ್ ಉಳಿಯುತ್ತದೆ, ಡಿಸ್ಕ್ ಏಕಾಏಕಿ ಕಳಚಿ ಕಾಲಿನ ಮೇಲೆ ಬೀಳುವುದೂ ತಪ್ಪುತ್ತದೆ. ಬೆಂಕಿಯಿಂದ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಬೇರಿಂಗಿನ ಸೀಲು, ಗ್ರೀಸು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಎಲ್ಲವೂ ಪಕ್ಕದಲ್ಲೇ ಇವೆ. ಸಾಲದ್ದಕ್ಕೆ, ಕ್ಲೋರಿನ್ ಸಂಯುಕ್ತಗಳಿರುವ ಬ್ರೇಕ್ ಕ್ಲೀನರ್ ಅಲ್ಲಿ ಉಳಿದಿದ್ದರೆ ಕಾವಿಗೆ ಪ್ರಾಣಾಂತಕವಾದ ಫಾಸ್ಜೀನ್ ಅನಿಲ ಹುಟ್ಟಬಹುದು.

ಹಿಂದಿನ ಡಿಸ್ಕ್ ಆದರೆ ಇನ್ನೊಂದು ವಿಷಯವಿದೆ. ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕಿನ ಶೂಗಳು ಡಿಸ್ಕಿನ ನಡುವಿನ ಡ್ರಮ್ಮಿನೊಳಗಿರುತ್ತವೆ. ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ದಿಣ್ಣೆಗೆ ಅವು ಸಿಕ್ಕಿಕೊಂಡಿದ್ದರೆ, ತುಕ್ಕು ಬಿಟ್ಟ ಮೇಲೂ ಡಿಸ್ಕ್ ಹೊರಬರುವುದಿಲ್ಲ. ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಟ್ಟು, ಸಣ್ಣ ಕಿಂಡಿಯ ಮೂಲಕ ಶೂಗಳ ಅಂತರ ಹೊಂದಿಸುವ ಹಲ್ಲಿನ ಚಕ್ರವನ್ನು ತಿರುಗಿಸಿ ಶೂಗಳನ್ನು ಒಳಕ್ಕೆ ಸರಿಸಬೇಕು. ತಿರುಗಬಲ್ಲದು ಆದರೆ ಹೊರಬಾರದು ಎಂಬಂತಿದ್ದರೆ ಸಂಶಯ ಮೊದಲು ಇಲ್ಲಿಗೇ ಹೋಗಲಿ.

ಡಿಸ್ಕ್ ಬಂದ ಮೇಲೆ ಹಬ್‌ನ ಮುಖವನ್ನು ತಂತಿ ಬ್ರಷ್ ಮತ್ತು ಉಜ್ಜುಕಾಗದದಿಂದ ಹೊಳೆಯುವವರೆಗೆ ಶುಚಿಗೊಳಿಸಬೇಕು. ಅಲ್ಲಿ ಉಳಿದ ತುಕ್ಕಿನ ಒಂದು ಚಕ್ಕೆಯೂ ಹೊರ ಅಂಚಿಗೆ ಹೋಗುವಷ್ಟರಲ್ಲಿ ದೊಡ್ಡ ಓಲಾಟವಾಗುತ್ತದೆ. ಹಲವು ತಯಾರಕರು ಒಪ್ಪುವ ಓಲಾಟ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಮೀರಿದರೆ ಕ್ರಮೇಣ ಪೆಡಲಿನಲ್ಲಿ ನಡುಕ ಕಾಣಿಸಿಕೊಳ್ಳುತ್ತದೆ. ನಡುಬಳೆಗೆ ಮಾತ್ರ ತುಕ್ಕು ತಡೆಯುವ ಲೇಪವನ್ನು ತೆಳುವಾಗಿ ಸವರಿ, ಹೊಸ ಡಿಸ್ಕಿನ ಮೇಲಿನ ಕಾಪು ಎಣ್ಣೆಯನ್ನು ಕ್ಲೀನರಿನಿಂದ ಪೂರ್ತಿ ಒರೆಸಿ ಜೋಡಿಸಬೇಕು. ಕಾರನ್ನು ಕದಲಿಸುವ ಮೊದಲು ಬ್ರೇಕ್ ಪೆಡಲು ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು, ಏಕೆಂದರೆ ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡನ್ನು ಮುಟ್ಟುವ ತನಕ ಕಾರಿಗೆ ಬ್ರೇಕೇ ಇರುವುದಿಲ್ಲ.