ಬೂಟೀಸ್ ಹಾಕಿದರೆ ಬೋರ್ಡ್ ಮೇಲೆ ಕಾಲು ಯಾಕೆ ಜಾರುತ್ತೆ?

ತುಮಕೂರಿನಲ್ಲಿ ಕೂತು ಸರ್ಫಿಂಗ್ ಬಗ್ಗೆ ಬರೆಯುತ್ತೀನಿ ಅಂದರೆ ನಗಬೇಡಿ. ನಮ್ಮೂರಲ್ಲಿ ಅಲೆ ಅಂದರೆ ಗಾಳಿ ಬೀಸಿದಾಗ ಅಮಾನಿಕೆರೆಯಲ್ಲಿ ಏಳೋದು, ಅಷ್ಟೇ. ಆದರೂ ರಾತ್ರಿ ಹೊರಟು ಕುಣಿಗಲ್, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಬೆಳಗಾಗೋ ಹೊತ್ತಿಗೆ ಮೂಲ್ಕಿ ಕಡಲಲ್ಲಿ ಬೋರ್ಡ್ ಮೇಲೆ ಮಲಗಿರೋ ಹುಚ್ಚು ನಮ್ಮಂಥ ಬಯಲುಸೀಮೆಯವರಿಗೂ ಹಿಡಿದಿದೆ. ಈಚೆಗೆ ಜೊತೆಗೆ ಬರುವವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಬೂಟೀಸ್ ಹಾಕಿಕೊಂಡರೆ ಬೋರ್ಡ್ ಮೇಲೆ ಕಾಲು ನಿಲ್ಲಲ್ಲ, ಏನು ಮಾಡೋದು? ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಗೊತ್ತಿಲ್ಲದವರಿಗೆ: ಬೂಟೀಸ್ ಅಂದರೆ ನಿಯೋಪ್ರೀನ್ ಅನ್ನೋ ಮೆತ್ತನೆ ರಬ್ಬರಿನ ಕಾಲುಚೀಲ, ಅಡಿಗೆ ತೆಳ್ಳಗೆ ಗಟ್ಟಿ ಸೋಲ್ ಇರುತ್ತೆ. ಕ್ಯಾಲಿಫೋರ್ನಿಯಾ, ಇಂಗ್ಲೆಂಡ್ ಕಡೆ ಚಳಿಗೆ ಹಾಕುತ್ತಾರೆ. ಅಲ್ಲಿ 3, 5, ಕೆಲವು ಕಡೆ 7 ಮಿಲಿಮೀಟರ್ ದಪ್ಪದ್ದೂ ಬೇಕಾಗುತ್ತೆ. ನಮ್ಮ ಕರಾವಳಿಯ ನೀರು ಹೆಚ್ಚೂಕಮ್ಮಿ ವರ್ಷವಿಡೀ 27ರಿಂದ 30 ಡಿಗ್ರಿ, ಚಳಿಯ ಮಾತೇ ಇಲ್ಲ. ಇಲ್ಲಿ ಬೂಟೀಸ್ ಹಾಕೋದು ಕಲ್ಲಿಗೆ, ಚಿಪ್ಪಿಗೆ, ಒಡೆದ ಬಾಟ್ಲಿ ಚೂರಿಗೆ ಹೆದರಿ. ಕಾಪು ಲೈಟ್‌ಹೌಸ್ ಸುತ್ತ ಇರೋ ಬಂಡೆ ನೋಡಿದವರಿಗೆ ಹೇಳಬೇಕಾಗಿಲ್ಲ. ಶಾಂಭವಿ, ನಂದಿನಿ ಎರಡೂ ಹೊಳೆ ಕಡಲು ಸೇರೋ ಸಸಿಹಿತ್ಲು ಮರಳಿನ ಜಾಗವೇ, 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಅಲ್ಲೇ, ಆದರೆ ಮರಳಲ್ಲಿ ಚಿಪ್ಪು ಎಲ್ಲಿ ಹೂತಿರುತ್ತೆ ಅಂತ ಯಾರಿಗೆ ಗೊತ್ತು?

ನನ್ನ ಕಾರಣ ಇನ್ನೊಂದು. ನನಗೆ ಶುಗರ್ ಇದೆ. ಕಾಲಿಗೆ ಗಾಯ ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಹೋದಾಗಲೆಲ್ಲ ಹೇಳ್ತಾರೆ. ಶುಗರ್ ಇದ್ದವರಿಗೆ ಗಾಯ ಬೇಗ ಮಾಯಲ್ಲ, ಎಷ್ಟೋ ಜನಕ್ಕೆ ಪಾದದ ಸ್ಪರ್ಶವೇ ಕಮ್ಮಿಯಾಗಿ ಕುಯ್ದುಕೊಂಡದ್ದೂ ಗೊತ್ತಾಗಲ್ಲ. ಹಾಗಾಗಿ ಬರಿಗಾಲಲ್ಲಿ ಆಡಿ ಅನ್ನೋ ಸಲಹೆ ನನಗೆ ಉಪಯೋಗ ಇಲ್ಲ. ನಿಮಗೆ ಅಂಥ ತೊಂದರೆ ಇಲ್ಲ, ಜಾಗ ಬರೀ ಮರಳು ಅಂದರೆ ಸುಮ್ನೆ ಬರಿಗಾಲಲ್ಲೇ ಹೋಗಿ. ಬರಿಗಾಲಿನ ಹಿಡಿತಕ್ಕೆ ಯಾವ ಬೂಟೀಸೂ ಸಮ ಅಲ್ಲ.

ಈಗ ವಿಷಯಕ್ಕೆ ಬರೋಣ. ಕಾಲು ಜಾರಿತು ಅಂದ ತಕ್ಷಣ ಎಲ್ಲರೂ ಬೋರ್ಡ್ ಕಡೆ ನೋಡುತ್ತಾರೆ. ವ್ಯಾಕ್ಸ್ (ಹಿಡಿತಕ್ಕೆ ಬೋರ್ಡ್ ಮೇಲೆ ತಿಕ್ಕೋ ಮೇಣ) ಸಾಲಲಿಲ್ಲ, ಪ್ಯಾಡ್ (ಹಿಡಿತಕ್ಕೆ ಅಂಟಿಸೋ ಫೋಮ್ ಹಾಳೆ) ಅಂಟಿಸಬೇಕಿತ್ತು ಅಂತ ಖರ್ಚಿಗೆ ದಾರಿ ಹುಡುಕುತ್ತಾರೆ. ನಾನು ನೋಡಿದ ಮಟ್ಟಿಗೆ ಬಹಳ ಸಲ ಸೋಲ್ ಬೋರ್ಡ್ ಮೇಲೆ ಜಾರಿರೋದೇ ಇಲ್ಲ. ಸೋಲ್ ಇದ್ದಲ್ಲೇ ಇರುತ್ತೆ, ಒಳಗೆ ಪಾದ ಜಾರಿರುತ್ತೆ. ಎರಡಕ್ಕೂ ನೀರಲ್ಲಿ ಬೀಳೋದು ಒಂದೇ ಥರ, ಅದಕ್ಕೇ ವ್ಯತ್ಯಾಸ ತಿಳಿಯಲ್ಲ.

ಮನೆಯಲ್ಲೇ ನೋಡಬಹುದು. ಬೂಟೀಸ್ ಹಾಕಿಕೊಂಡು ಒಳಗೆ ಒಂದು ಚೊಂಬು ನೀರು ಹುಯ್ದುಕೊಳ್ಳಿ. ಒರಟಾದ ಡೋರ್ ಮ್ಯಾಟ್ ಮೇಲೆ ನಿಂತು ಮಂಡಿ ಬಗ್ಗಿಸಿ, ಭಾರ ಪೂರ್ತಿ ಒಂದು ಕಾಲಿನ ಮೇಲೆ ಬಿಟ್ಟು, ಹಿಮ್ಮಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಸೋಲ್ ಮ್ಯಾಟನ್ನು ಕಚ್ಚಿಕೊಂಡು ನಿಂತಿರುತ್ತೆ. ಒಳಗೆ ಹಿಮ್ಮಡಿ ಪಚಕ್ ಅಂತ ಪಕ್ಕಕ್ಕೆ ಸರಿದು, ಹೆಬ್ಬೆರಳ ಮುಂದೆ ಖಾಲಿ ಜಾಗದಲ್ಲಿ ನೀರು ಓಡಾಡಿದ್ದು ಗೊತ್ತಾದರೆ ಸೈಜು ದೊಡ್ಡದು ಅಂತ ಅರ್ಥ. ಆ ಬೂಟೀಸಿಗೆ ಎಷ್ಟು ವ್ಯಾಕ್ಸ್ ತಿಕ್ಕಿದರೂ ದಂಡ.

ನಾವು ಚಪ್ಪಲಿ ಕೊಳ್ಳುವಾಗ ಒಂದು ಬೆರಳು ಸಡಿಲ ಇರಲಿ ಅಂತ ನೋಡ್ತೀವಿ ಅಲ್ವಾ, ಇಲ್ಲಿ ಅದು ಉಲ್ಟಾ. ಬೆರಳ ತುದಿ ಮುಂಭಾಗಕ್ಕೆ ತಾಗಬೇಕು, ಆದರೆ ಮಡಿಚಿಕೊಳ್ಳಬಾರದು. ನಿಯೋಪ್ರೀನ್ ಬಳಸ್ತಾ ಬಳಸ್ತಾ ಹಿಗ್ಗುತ್ತೆ, ಒದ್ದೆಯಾದರೆ ಇನ್ನೂ ಸಡಿಲ ಅನ್ನಿಸುತ್ತೆ, ಅದಕ್ಕೇ ಎರಡು ಸೈಜಿನ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತಗೊಳ್ಳಿ. ಆದರೆ ನನ್ನ ಹಾಗೆ ಶುಗರ್ ಇದ್ದವರು ಇಲ್ಲಿ ಸ್ವಲ್ಪ ಹುಷಾರು. ಬಿಗಿ ಇರಬೇಕು ನಿಜ, ಆದರೆ ಬಿಚ್ಚಿದ ಮೇಲೆ ಪಾದದ ಮೇಲೆ ಕೆಂಪು ಬರೆ ಉಳಿದರೆ, ಬೆರಳು ಜೋಮು ಹಿಡಿದರೆ ಅದು ಬೇಡ. ಹಿಡಿತ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ರಕ್ತ ಓಡಾಡಲಿ.

ಹೆಬ್ಬೆರಳು ಬೇರೆಯಾಗಿರೋ ಬೂಟೀಸ್ ಬರುತ್ತೆ, ಸ್ಪ್ಲಿಟ್ ಟೋ ಅಂತಾರೆ. ನೋಡೋಕೆ ವಿಚಿತ್ರ. ನನ್ನ ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. ಆದರೆ ಪಾದ ಒಳಗೆ ತಿರುಗದ ಹಾಗೆ ತಡೆಯೋದು ಆ ಹೆಬ್ಬೆರಳ ಗೂಡೇ. ಮುಂಭಾಗ ದುಂಡಗಿರೋದರಲ್ಲಿ ಬೆರಳೆಲ್ಲ ಒಟ್ಟಿಗೆ ಬೆಚ್ಚಗಿರುತ್ತೆ, ಅದು ಚಳಿ ದೇಶದವರಿಗೆ. ನಮಗೆ ಬೆಚ್ಚಗೆ ಇಟ್ಟುಕೊಂಡು ಏನಾಗಬೇಕು? ಇಲ್ಲಿಗೆ 1 ಅಥವಾ 2 ಮಿಲಿಮೀಟರಿನ ತೆಳು ಬೂಟೀಸ್, ಹೆಬ್ಬೆರಳು ಬೇರೆ, ಪಾದದ ಮೇಲೆ ಅಡ್ಡಪಟ್ಟಿ, ಇಷ್ಟು ಸಾಕು. ನಿಯೋಪ್ರೀನ್ ಒಳಗೆ ಗಾಳಿಗುಳ್ಳೆ ತುಂಬಿರುತ್ತೆ. ದಪ್ಪ ಜಾಸ್ತಿಯಾದಷ್ಟೂ ಕಾಲಡಿ ಅದು ಅಮುಕಿಕೊಳ್ಳುತ್ತೆ, ಬೋರ್ಡ್ ಯಾವ ಕಡೆ ವಾಲುತ್ತಿದೆ ಅಂತ ಪಾದಕ್ಕೆ ತಡವಾಗಿ ತಿಳಿಯುತ್ತೆ. ಅಡ್ಡಪಟ್ಟಿ ಇಲ್ಲದ್ದು ಅಲೆ ಬಡಿದಾಗ ಮೇಲಿಂದ ನೀರು ತುಂಬಿಕೊಂಡು ಭಾರವಾಗುತ್ತೆ. ಲೀಶನ್ನು, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟೋ ಹಗ್ಗವನ್ನು, ಬರೀ ಚರ್ಮಕ್ಕೆ ಕಟ್ಟೋ ಬದಲು ಬೂಟೀಸಿನ ಕೊರಳ ಮೇಲೆ ಸುತ್ತಿ ಕಟ್ಟಿದರೆ ಒಂದು ಕಾಲಿನದಾದರೂ ಬಾಯಿ ಮುಚ್ಚಿಕೊಳ್ಳುತ್ತೆ.

ಆನ್‌ಲೈನಲ್ಲಿ ಆಕ್ವಾ ಶೂ ಅಂತ ಅಗ್ಗಕ್ಕೆ ಸಿಗುತ್ತಲ್ಲ, ಬಟ್ಟೆ ಜಾಲರಿ ಇರೋದು, ಅದನ್ನು ತರಬೇಡಿ. ಬೀಚಲ್ಲಿ ಓಡಾಡೋಕೆ ಸರಿ, ಅಲೆಯಲ್ಲಿ ಕಾಲಲ್ಲೇ ಇರಲ್ಲ. ಜಿಪ್ ಇರೋ ಸ್ಕೂಬಾ ಬೂಟೂ ಬೇಡ, ಸೋಲ್ ಹಲಗೆಯಷ್ಟು ಗಟ್ಟಿ.

ಇನ್ನು ಸೋಲ್. ಉಬ್ಬುತಗ್ಗು ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ ಅಂತ ಅಂದುಕೊಳ್ಳುತ್ತೀವಿ, ಬೈಕ್ ಟೈರ್ ನೋಡಿ ಅಭ್ಯಾಸ. ಬೋರ್ಡ್ ಮೇಲೆ ಹಾಗಲ್ಲ. ಆಳವಾದ ಹಲ್ಲುಗಳಿದ್ದರೆ ಆ ಹಲ್ಲುಗಳ ತುದಿ ಮಾತ್ರ ವ್ಯಾಕ್ಸನ್ನು ಮುಟ್ಟುತ್ತೆ, ಸಂದಿಯಲ್ಲಿ ವ್ಯಾಕ್ಸು ಮರಳು ತುಂಬಿಕೊಳ್ಳುತ್ತೆ. ತೆಳ್ಳಗೆ, ಚಪ್ಪಟೆಯಾಗಿ, ಸಣ್ಣ ಗೆರೆ ಇರೋ ಸೋಲೇ ಒಳ್ಳೇದು. ಹೊಸದಾದಾಗ ಮಾತ್ರ ಅದರ ಮೇಲೆ ಒಂದು ನುಣುಪು ಇರುತ್ತೆ, ಬೆರಳಾಡಿಸಿದರೆ ತಿಳಿಯುತ್ತೆ. ಆ ನುಣುಪು ಹೋಗೋವರೆಗೆ ಜಾರೋದು ಜಾರೋದೇ.

ಅದನ್ನು ತೆಗೆಯೋ ಉಪಾಯ ನನಗೆ ಸಿಕ್ಕಿದ್ದು ಬಿ.ಎಚ್. ರಸ್ತೆಯ ಒಂದು ಪಂಚರ್ ಅಂಗಡಿಯಲ್ಲಿ. ಸ್ಕೂಟರ್ ಪಂಚರ್ ಹಾಕಿಸೋಕೆ ಹೋಗಿದ್ದೆ. ಪ್ಯಾಚ್ ಅಂಟಿಸೋ ಮುಂಚೆ ಟ್ಯೂಬನ್ನು ಒರಟು ತಗಡಲ್ಲಿ ಗರಗರ ಉಜ್ಜುತ್ತಾರಲ್ಲ, ಕಪ್ಪು ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗುವವರೆಗೆ? ನೋಡುತ್ತಾ ನಿಂತವನಿಗೆ ಥಟ್ಟನೆ ಹೊಳೆಯಿತು. ಮಾರನೇ ದಿನ ಬೂಟೀಸ್ ತಗೊಂಡೇ ಹೋದೆ. ಅವನು ಒಂದನ್ನು ಎತ್ತಿ, ಹೆಬ್ಬೆರಳ ಗೂಡೊಳಗೆ ಬೆರಳು ಹಾಕಿ ನೋಡಿ, "ಏನ್ ಸಾರ್ ಇದು, ಶೂನಾ ಸಾಕ್ಸಾ?" ಅಂದ. ಸಮುದ್ರದಲ್ಲಿ ಹಲಗೆ ಮೇಲೆ ನಿಲ್ಲೋಕೆ ಅಂದೆ. "ಇದ್ ಹಾಕ್ಕಂಡ್ರೆ ಬೀಳಲ್ವಾ?" "ಬೀಳ್ತೀನಿ, ಅದಕ್ಕೇ ತಂದಿರೋದು." ನಗುತ್ತಲೇ ಉಜ್ಜಿಕೊಟ್ಟ, ದುಡ್ಡು ಬೇಡ ಅಂದ, ಬಲವಂತ ಮಾಡಿ ಕೊಟ್ಟೆ.

ಮನೆಯಲ್ಲಿ ಮಾಡೋದಾದರೆ ಮರಳು ಕಾಗದ ಸಾಕು. ಹೊಳಪು ಹೋಗಿ ಮಂಕಾಗೋವರೆಗೆ ಹಗುರವಾಗಿ ಉಜ್ಜಿ, ಅಲ್ಲಿಗೆ ನಿಲ್ಲಿಸಿ. ಸೋಲ್ ಅಂಚಿನ ಹೊಲಿಗೆಗೂ ಮೇಲಿನ ನಿಯೋಪ್ರೀನಿಗೂ ತಾಗಿಸಬಾರದು, ಕಿತ್ತು ಬರುತ್ತೆ. ಇಷ್ಟೂ ಬೇಡ ಅಂದರೆ ನೀರಿಗೆ ಇಳಿಯೋ ಮುಂಚೆ ಒದ್ದೆ ಮರಳಲ್ಲಿ ಕಾಲು ಚೆನ್ನಾಗಿ ತಿಕ್ಕಿ, ಆಮೇಲೆ ತೊಳೆದುಕೊಳ್ಳಿ. ನಿಧಾನ, ಆದರೆ ಖರ್ಚಿಲ್ಲ.

ವ್ಯಾಕ್ಸ್ ವಿಷಯದಲ್ಲಿ ನೀರಿನ ಬಿಸಿ ನೋಡಬೇಕು. ಸರ್ಫ್ ವ್ಯಾಕ್ಸ್ ಮುಖ್ಯವಾಗಿ ಪ್ಯಾರಾಫಿನ್, ಕೆಲವದರಲ್ಲಿ ಜೇನುಮೇಣ ಸೇರಿರುತ್ತೆ. ಹಿಂದೆ ಬೋರ್ಡಿನ ವಾರ್ನಿಶ್ ಮೇಲೆ ಮರಳು ಉದುರಿಸಿ ಹಿಡಿತ ಮಾಡಿಕೊಳ್ಳುತ್ತಿದ್ದರಂತೆ, ಎದೆ ಹೊಟ್ಟೆಯ ಗತಿ ಏನಾಗುತ್ತಿತ್ತೋ ಪಾಪ. ಈಗ ಪೊಟ್ಟಣದ ಮೇಲೇ ಕೋಲ್ಡ್, ಕೂಲ್, ವಾರ್ಮ್, ಟ್ರಾಪಿಕಲ್ ಅಂತ ಬರೆದಿರುತ್ತೆ. ನಮಗೆ ಬೇಕಾದ್ದು ಟ್ರಾಪಿಕಲ್, ಹೆಚ್ಚೂಕಮ್ಮಿ 24 ಡಿಗ್ರಿ ದಾಟಿದ ನೀರಿಗೆ ಮಾಡಿದ್ದು, ಈ ನಾಲ್ಕರಲ್ಲಿ ಎಲ್ಲದಕ್ಕಿಂತ ಗಟ್ಟಿ. ವಿದೇಶದಿಂದ ಬಂದ ನೆಂಟರು ಪ್ರೀತಿಯಿಂದ ತಂದುಕೊಟ್ಟ ಕೋಲ್ಡ್ ವ್ಯಾಕ್ಸನ್ನು ಇಲ್ಲಿ ಹಚ್ಚಿದರೆ ಬಿಸಿ ದೋಸೆ ಮೇಲಿನ ಬೆಣ್ಣೆಯೇ, ಬೂಟೀಸ್ ಸೋಲಿಗೆ ಮೆತ್ತಿಕೊಂಡು ಕಾಲ ಜೊತೆಗೇ ಹೋಗಿಬಿಡುತ್ತೆ.

ಮೊದಲು ಗಟ್ಟಿ ಬೇಸ್ ಕೋಟ್, ಅಂದರೆ ಅಡಿಪದರದ ವ್ಯಾಕ್ಸ್. ಸಣ್ಣ ಸಣ್ಣ ಸುತ್ತು ಸುತ್ತುತ್ತಾ, ಜಾಸ್ತಿ ಒತ್ತದೆ, ರಾಗಿಕಾಳಿನಷ್ಟು ಗುಬುಟುಗಳು ಏಳೋವರೆಗೆ ತಿಕ್ಕಬೇಕು. ತಾಳ್ಮೆ ಬೇಕು, ತೋಳು ನೋಯುತ್ತೆ. ಅದರ ಮೇಲೆ ಟ್ರಾಪಿಕಲ್ ವ್ಯಾಕ್ಸ್. ಬರಿಗಾಲಿಗಾದರೆ ಗುಬುಟು ಚಿಕ್ಕದಿದ್ದರೂ ನಡೆಯುತ್ತೆ, ಬೂಟೀಸಿಗೆ ಸ್ವಲ್ಪ ದೊಡ್ಡದೇ ಬೇಕು, ಯಾಕೆಂದರೆ ಸೋಲಿಗೆ ನಮ್ಮ ಬೆರಳಿನ ಹಾಗೆ ಬಗ್ಗಿ ಹಿಡಿಯೋಕೆ ಬರಲ್ಲ. ಸವೆದು ನುಣುಪಾದಾಗ ವ್ಯಾಕ್ಸ್ ಬಾಚಣಿಗೆಯಲ್ಲಿ ಅಡ್ಡಡ್ಡ ಗೀರಿ ಒರಟು ಮಾಡಿಕೊಳ್ಳಿ. ಸೋಲಿಗೂ ಒಂದು ತೆಳು ಪದರ ವ್ಯಾಕ್ಸ್ ಎಳೆಯಬಹುದು, ವ್ಯಾಕ್ಸಿಗೆ ವ್ಯಾಕ್ಸ್ ಅಂಟುತ್ತೆ. ಆದರೆ ಹಚ್ಚಿಕೊಂಡು ದಡದಲ್ಲಿ ನಡೆದಾಡಿದರೆ ಮರಳು ಮೆತ್ತಿಕೊಂಡು ಬೋರ್ಡಿನ ವ್ಯಾಕ್ಸನ್ನೇ ಕೆರೆದು ತೆಗೆಯುತ್ತೆ. ನೀರಿನ ಅಂಚಿಗೆ ಹೋಗಿ ಹಚ್ಚಿ.

ಪ್ಯಾಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇವಿಎ ಫೋಮಿನ ಹಾಳೆ, ಹಿಂದಿನ ಕಾಲಿನ ಜಾಗದಲ್ಲಿ, ಬೋರ್ಡಿನ ಅಡಿ ರೆಕ್ಕೆ ಥರ ಇರೋ ಫಿನ್‌ಗಳ ಮೇಲ್ಭಾಗಕ್ಕೆ ಅಂಟಿಸೋದು. ಶಾರ್ಟ್‌ಬೋರ್ಡಿಗೆ ಒಳ್ಳೇದು, ಬೂಟೀಸ್ ಹಾಕಿದವರಿಗೆ ಇನ್ನೂ ಒಳ್ಳೇದು, ಅದರ ಹಿಂಭಾಗದ ದಿಂಡು ಕಾಲಿಗೆ ತಾಗಿದಾಗ ಎಲ್ಲಿದ್ದೀವಿ ಅಂತ ನೋಡದೇನೇ ತಿಳಿಯುತ್ತೆ. ಹಳೇ ವ್ಯಾಕ್ಸ್ ಪೂರ್ತಿ ತೆಗೆದು ಸ್ಪಿರಿಟ್ಟಲ್ಲಿ ಒರೆಸಿ ಅಂಟಿಸಿ, ಒಂದು ದಿನ ನೀರಿಗೆ ಹಾಕಬೇಡಿ. ಲಾಂಗ್‌ಬೋರ್ಡ್ ಆದರೆ ಕಾಲು ಹಿಂದೆ ಮುಂದೆ ಓಡಾಡುತ್ತಿರುತ್ತೆ, ಅದಕ್ಕೆ ವ್ಯಾಕ್ಸೇ ಸರಿ. ಕಲಿಯೋರಿಗೆ ಕೊಡೋ ಮೆತ್ತನೆ ಫೋಮ್ ಬೋರ್ಡಿಗೆ ಪ್ಯಾಡ್ ಬೇಡವೇ ಬೇಡ.

ಇಷ್ಟೆಲ್ಲ ಆದ ಮೇಲೆ ಹೊಸ ತಾಪತ್ರಯ ಶುರುವಾಗುತ್ತೆ, ಹಿಡಿತ ಜಾಸ್ತಿಯಾಗೋದು. ಮಲಗಿದ್ದವರು ಎದ್ದು ನಿಲ್ಲುವಾಗ ಬರಿಗಾಲಾದರೆ ಬೆರಳನ್ನು ಬೋರ್ಡ್ ಮೇಲೆ ಎಳೆದುಕೊಂಡು ಬಂದರೂ ಹೇಗೋ ನಡೆಯುತ್ತೆ. ರಬ್ಬರ್ ಎಳೆಯೋಕೆ ಬಿಡಲ್ಲ. ಬೆರಳ ತುದಿ ವ್ಯಾಕ್ಸಿಗೆ ಸಿಕ್ಕಿಕೊಂಡು ಕಾಲು ಅರ್ಧದಲ್ಲೇ ನಿಂತುಬಿಡುತ್ತೆ, ಮೈ ಮಾತ್ರ ಮುಂದಕ್ಕೆ ಹೋಗುತ್ತೆ. ಮೂಲ್ಕಿಯಲ್ಲಿ ಹೇಳಿಕೊಡೋ ಹುಡುಗ ದಡದಿಂದಲೇ ಕೂಗುತ್ತಿದ್ದ, "ಕಾಲು ಎಳೀಬೇಡಿ ಮಾರಾಯ್ರೆ, ಎತ್ತಿ ಇಡಿ!" ಅಂತ. ಅದೇ ಸರಿ. ಕೈಯೂರಿ ಎದೆ ಎತ್ತಿ, ಮುಂದೆ ಇಡೋ ಕಾಲನ್ನು ಗಾಳಿಯಲ್ಲಿ ತಂದು ಎರಡು ಕೈ ನಡುವೆ ಇಡಬೇಕು. ಇದನ್ನು ಬೂಟೀಸ್ ಹಾಕಿಕೊಂಡೇ ಮನೆಯ ತಾರಸಿ ಮೇಲೆ, ಯೋಗದ ಮ್ಯಾಟ್ ಹಾಸಿಕೊಂಡು ಅಭ್ಯಾಸ ಮಾಡಿ. ಪಕ್ಕದ ಮನೆಯವರು ನೋಡುತ್ತಾರೆ, ನೋಡಲಿ ಬಿಡಿ.

ಎಣ್ಣೆಯ ಮಾತೊಂದು ಉಳಿಯಿತು. ತಿಪಟೂರು ಕೊಬ್ಬರಿ ಊರಿನ ಜಿಲ್ಲೆಯವರು ನಾವು, ಮೈಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೇ ಹೊರಡಲ್ಲ. ಬಿಸಿಲಿಗೆ ಅಂತ ಸನ್‌ಸ್ಕ್ರೀನ್ ಬೇರೆ. ಎರಡೂ ಬೋರ್ಡಿಗೆ ತಾಗಿದರೆ ವ್ಯಾಕ್ಸಿನ ಹಿಡಿತ ಹಾಳು. ಸನ್‌ಸ್ಕ್ರೀನ್ ಮುಖಕ್ಕೆ ಕತ್ತಿಗೆ ಹಚ್ಚಿಕೊಂಡು ಕೈ ಒರೆಸಿ, ಆಮೇಲೆ ಬೋರ್ಡ್ ಮುಟ್ಟಿ. ಎಣ್ಣೆ ವಾಪಸ್ ಬಂದ ಮೇಲೆ ಇರಲಿ, ಎದೆ ಕೂದಲಿಗೆ ಅಂಟಿದ ವ್ಯಾಕ್ಸ್ ಬಿಡಿಸೋಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಆಟ ಮುಗಿದ ಮೇಲೆ ಬೂಟೀಸನ್ನು ಸಿಹಿನೀರಲ್ಲಿ ತೊಳೆದು, ಒಳಗನ್ನು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತೆ, ಉಜ್ಜಿ ತಂದ ಹಿಡಿತವೂ ಹೋಗುತ್ತೆ. ಶುಗರ್ ಇದ್ದವರು ಬಿಚ್ಚಿದ ತಕ್ಷಣ ಬೆರಳ ಸಂದಿ, ಹಿಮ್ಮಡಿ ಎಲ್ಲ ಕಣ್ಣಲ್ಲೇ ನೋಡಿಕೊಳ್ಳಿ, ಒಳಗೆ ಸೇರಿದ ಒಂದು ಹರಳು ಮರಳೂ ಗುಳ್ಳೆ ಎಬ್ಬಿಸುತ್ತೆ. ವ್ಯಾಕ್ಸನ್ನು ಮಾತ್ರ ಕಾರಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಶಿರಾಡಿ ಹತ್ತಿ ಹಾಸನದಲ್ಲಿ ಕಾರು ನಿಲ್ಲಿಸಿ ಬರೋಷ್ಟರಲ್ಲಿ ಸೀಟೆಲ್ಲ ಮೇಣ ಆಗಿರುತ್ತೆ. ಆಗ ಬಿಸಿನೀರು ಹಾಕಬೇಡಿ, ಐಸ್ ಇಟ್ಟು ಗಟ್ಟಿ ಮಾಡಿ, ಹಳೇ ಎಟಿಎಂ ಕಾರ್ಡಲ್ಲಿ ಕೆರೆದು ತೆಗೆಯಿರಿ.